ಮಗುವನ್ನು ಕೇಳಿದವರು ಯಾರು?

ಕಳೆದ ವರ್ಷದ ಒಂದು ಸಂಜೆ. ಆಫೀಸಿನ ಕಾಲ್ ಮುಗಿದು ಎಲ್ಲರೂ ಹೊರಗೆ ಹೋದರೂ ಇಟಲಿಯ ಸಹೋದ್ಯೋಗಿಯೊಬ್ಬ ಮಾತ್ರ ಹಾಗೇ ಕೂತಿದ್ದ. "ಹತ್ತು ನಿಮಿಷ ಸಿಗುತ್ತಾ? ಕೆಲಸದ ವಿಷಯ ಅಲ್ಲ" ಅಂದ. ಅವನೂ ಅವನ ಹೆಂಡತಿಯೂ ಮೂರು ತಿಂಗಳ ಹಿಂದೆ ಕರ್ನಾಟಕದಿಂದ ಇಬ್ಬರು ಮಕ್ಕಳನ್ನು ದತ್ತು ತಗೊಂಡಿದ್ದರು. ಅಕ್ಕ, ತಮ್ಮ. ಅಕ್ಕನಿಗೆ ಒಂಬತ್ತು, ತಮ್ಮನಿಗೆ ಆರು. ಹುಡುಗಿ ಕೆಲವು ದಿನದಿಂದ ಹೊತ್ತು ಮುಳುಗೋ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ನಿಂತು ಒಂದೇ ಮಾತು ಹೇಳುತ್ತಿದ್ದಾಳೆ. ಫೋನಿನ ಅನುವಾದದ ಆ್ಯಪ್‌ಗೆ ಅದು ತಿಳಿಯುತ್ತಿಲ್ಲ. ಓಡಿಹೋಗಬೇಕು ಅಂತಾಳೋ ಏನೋ ಅಂತ ಅವರಿಗೆ ಭಯ.

ಅವನು ರೆಕಾರ್ಡಿಂಗ್ ಹಾಕಿದ. "ಕಟ್ಟಿ ಮ್ಯಾಲೆ ಕುಂಡ್ರೂಣು" ಅಂತಿತ್ತು ಆ ಹುಡುಗಿ.

ನನಗೆ ಗಂಟಲು ಕಟ್ಟಿತು. ನಮ್ಮೂರು ಮುಂಡರಗಿ ತಾಲೂಕಿನದು. ನಾನೂ ಸಂಜೆ ಆದ್ರೆ ಕಟ್ಟಿ ಮ್ಯಾಲೆ ಕೂತು ಬೆಳೆದವನೇ. ಅವಳಿಗೆ ಓಡಿಹೋಗೋದು ಬೇಕಿರಲಿಲ್ಲ. ಮನೆ ಮುಂದೆ ಕೂತು ಓಣಿ ನೋಡೋದು ಬೇಕಿತ್ತು. ಅವರ ಮನೆಗೆ ಕಟ್ಟೆ ಇಲ್ಲ, ಓಣಿಯೂ ಇಲ್ಲ. ಮರುದಿನ ಅವನು ಬಾಗಿಲ ಹೊರಗೆ ಒಂದು ಮರದ ಬೆಂಚು ತಂದು ಹಾಕಿದ. ಅಲ್ಲಿಂದ ಶನಿವಾರಕ್ಕೊಮ್ಮೆ ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ನನ್ನನ್ನು "ಮಾಮಾ" ಅಂತಾಳೆ.

ಒಂದು ದಿನ ಅವನು ಕೇಳಿದ: "ನಿಮ್ಮ ಕಡೆ ಇಷ್ಟು ದೊಡ್ಡ ಮಕ್ಕಳನ್ನ ದತ್ತು ತಗೊಳ್ಳೋ ಪದ್ಧತಿ ಇತ್ತಾ?" ನಾನು ಥಟ್ಟನೆ "ಇಲ್ಲ, ನಮ್ಮವರಿಗೆ ಎಲ್ಲಾ ಎಳೇ ಕೂಸೇ ಬೇಕು" ಅಂದೆ. ಇವತ್ತಿನ ಮಟ್ಟಿಗೆ ಅದು ಬಹುಪಾಲು ನಿಜ. ಇಲ್ಲಿ ದತ್ತು ಬಯಸುವವರಲ್ಲಿ ಹೆಚ್ಚಿನವರು ಎರಡು ವರ್ಷದೊಳಗಿನ ಕೂಸು ಕೇಳುತ್ತಾರೆ. ದೊಡ್ಡ ಮಕ್ಕಳು, ಒಡಹುಟ್ಟಿದ ಜೋಡಿಗಳು, ಅಂಗವೈಕಲ್ಯ ಇರುವ ಮಕ್ಕಳು ಇಟಲಿ, ಸ್ಪೇನ್, ಅಮೆರಿಕದ ದಾರಿ ಹಿಡಿಯುತ್ತಾರೆ. ಆದರೆ ಇತಿಹಾಸದ ಮಟ್ಟಿಗೆ ನನ್ನ ಉತ್ತರ ಪೂರ್ತಿ ತಪ್ಪು. ನಮ್ಮ ಗದಗ ಸೀಮೆಯಷ್ಟು ದೊಡ್ಡ ಮಕ್ಕಳನ್ನು ಕೊಟ್ಟು-ತಗೊಂಡ ಜಾಗ ಕಡಿಮೆಯೇ ಇರಬೇಕು ಅಂತ ಈಗ ಅನ್ನಿಸುತ್ತೆ.

ಮೊದಲು "ಬೇರೆ ದೇಶ" ಅನ್ನೋ ಮಾತು ನೋಡಿ. ಲಕ್ಷ್ಮೇಶ್ವರದಲ್ಲಿ ಬೈಕು ಹತ್ತಿ ಶಿರಹಟ್ಟಿ, ಗದಗ-ಬೆಟಗೇರಿ ನೋಡಿಕೊಂಡು ಮುಂಡರಗಿಗೆ ಬರೋದು ನಮಗೆ ಅರ್ಧ ದಿನದ ಕೆಲಸ. ನೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ಮೂರು ಆಡಳಿತ ದಾಟಬೇಕಿತ್ತು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಗದಗ, ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯವು. ಮುಂಡರಗಿಯಿಂದ ಮೂಡಣಕ್ಕೆ ಹೋದರೆ ಕೊಪ್ಪಳ, ಅಂದರೆ ನಿಜಾಮನ ಸೀಮೆ. ತುಂಗಭದ್ರಾ ದಾಟಿ ಹೂವಿನಹಡಗಲಿಗೆ ಹೋದರೆ ಮದ್ರಾಸ್ ಪ್ರಾಂತ್ಯ. ಸೊಸೆ ತರೋದು, ಎತ್ತು ತರೋದು, ಮಗನನ್ನು ದತ್ತು ತರೋದು, ಎಲ್ಲಾ ಈ ಗಡಿಗಳನ್ನು ದಾಟಿಯೇ ನಡೀತಿತ್ತು.

ಇನ್ನು ಶಾಸ್ತ್ರ. "ದತ್ತ" ಅಂದರೆ ಕೊಟ್ಟದ್ದು. ಕೊಡುವವರು ಇದ್ದಾರೆ, ತಗೊಳ್ಳುವವರು ಇದ್ದಾರೆ, ನಡುವೆ ಮಗು ಒಂದು ವಸ್ತು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ಒಬ್ಬನೇ ಮಗ ಇದ್ದರೆ ಕೊಡಬೇಡಿ, ಹಿರಿಮಗನನ್ನು ಕೊಡಬೇಡಿ, ಆಪತ್ತು ಇಲ್ಲದೆ ಕೊಡಬೇಡಿ ಅಂತ ಅವನ ಗ್ರಂಥ ಹೇಳುತ್ತೆ. ಒಳ್ಳೆಯ ಮಾತುಗಳೇ. ಆದರೆ ಎಲ್ಲವೂ ಕೊಡುವವನಿಗೆ ಹೇಳಿದ್ದು. ಮಗುವನ್ನು ಕೇಳಿ ಅಂತ ಇಲ್ಲ.

ಹಳೇ ಧರ್ಮಶಾಸ್ತ್ರದಲ್ಲಿ ಹನ್ನೆರಡು ಬಗೆಯ ಮಕ್ಕಳ ಪಟ್ಟಿ ಇದೆ. ಅದರಲ್ಲಿ ಒಬ್ಬ "ಸ್ವಯಂದತ್ತ". ತಂದೆ-ತಾಯಿ ಇಲ್ಲದ, ಇಲ್ಲವೇ ಅವರು ಕೈಬಿಟ್ಟ ಹುಡುಗ ತಾನೇ ಬಂದು "ನಾನು ನಿಮ್ಮ ಮಗ ಆಗ್ತೀನಿ" ಅನ್ನೋದು. ಇದರ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. ಶುನಃಶೇಪನನ್ನು ಅವನ ಅಪ್ಪ ಅಜೀಗರ್ತ ನೂರು ಹಸುಗಳಿಗೆ ಬಲಿಗಾಗಿ ಮಾರುತ್ತಾನೆ. ಬಲಿಯಿಂದ ಪಾರಾದ ಹುಡುಗ ಹೋಗಿ ವಿಶ್ವಾಮಿತ್ರನ ತೊಡೆ ಮೇಲೆ ಕೂರುತ್ತಾನೆ. ಅಪ್ಪ ವಾಪಸ್ ಕರೆದರೂ ಹೋಗಲ್ಲ. ವಿಶ್ವಾಮಿತ್ರ ಅವನಿಗೆ ದೇವರಾತ ಅಂತ ಹೆಸರಿಟ್ಟು ಹಿರಿಮಗನ ಸ್ಥಾನ ಕೊಡುತ್ತಾನೆ. ಆಗ ಮನೆಯಲ್ಲಿ ಜಗಳ ಶುರು. ವಿಶ್ವಾಮಿತ್ರನಿಗೆ ನೂರೊಂದು ಗಂಡುಮಕ್ಕಳು. ಅವರಲ್ಲಿ ಮಧುಚ್ಛಂದನಿಗಿಂತ ದೊಡ್ಡವರಾದ ಐವತ್ತು ಜನ ಒಪ್ಪಲ್ಲ. ಮಧುಚ್ಛಂದ ಮತ್ತು ಅವನಿಗಿಂತ ಚಿಕ್ಕವರು ಒಪ್ಪುತ್ತಾರೆ. ಒಪ್ಪದವರಿಗೆ ಅಪ್ಪನ ಶಾಪ. ದೊಡ್ಡ ಮಗು ಮನೆಗೆ ಬಂದಾಗ ಏನೇನು ಆಗಬಹುದೋ ಅದೆಲ್ಲ ಇಲ್ಲಿದೆ. ಹೆಸರು ಬದಲಾಗೋದು, ಹಳೇ ಅಪ್ಪ ಬಾಗಿಲಿಗೆ ಬರೋದು, ಮೊದಲಿನಿಂದ ಇದ್ದ ಮಕ್ಕಳ ಮುನಿಸು. ಮುಂದೆ ಬಂದ ಶಾಸ್ತ್ರಕಾರರು ಮಾತ್ರ ಕಲಿಯುಗಕ್ಕೆ ಔರಸ, ದತ್ತಕ ಎರಡೇ ಸಾಕು ಅಂದುಬಿಟ್ಟರು. ಮಗು ತಾನೇ ಆರಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಎಷ್ಟು ವಯಸ್ಸಿನ ಮಗು? ಇಲ್ಲಿ ನಮ್ಮ ಸೀಮೆ ವಿಶೇಷ. ದತ್ತಕಮೀಮಾಂಸೆಯಂಥ ಗ್ರಂಥಗಳು ಐದು ವರ್ಷದೊಳಗೆ ಅಂತ ಪಟ್ಟು ಹಿಡಿದವು. ನೀಲಕಂಠ ಭಟ್ಟನ ವ್ಯವಹಾರಮಯೂಖವನ್ನು ನಂಬಿದ ಮುಂಬೈ ಪ್ರಾಂತ್ಯ ಹಾಗಲ್ಲ. ಅಲ್ಲಿ ಬೆಳೆದವನನ್ನೂ ದತ್ತು ತಗೊಳ್ಳಬಹುದು, ಮದುವೆ ಆಗಿ ಮಕ್ಕಳಿದ್ದವನನ್ನೂ ತಗೊಳ್ಳಬಹುದು. ಮುಂಬೈ ಹೈಕೋರ್ಟೂ ಇದನ್ನು ಒಪ್ಪಿತ್ತು. ಅಂದರೆ ಧಾರವಾಡ ಜಿಲ್ಲೆಯ ಗೌಡಕಿ, ದೇಸಗತಿ, ಕುಲಕರ್ಣಿ ವತನದ ಮನೆಗಳಲ್ಲಿ ದೊಡ್ಡ ಹುಡುಗನ ದತ್ತು ವಿಚಿತ್ರವೇ ಅಲ್ಲ. ಆದರೆ ಅದು ಮಗುವಿಗೋಸ್ಕರ ನಡೆದದ್ದಲ್ಲ. ಹೊಲ, ವತನ, ಪಿಂಡಕ್ಕೋಸ್ಕರ ನಡೆದದ್ದು. ಅದಕ್ಕೇ ಹೆಣ್ಣುಮಕ್ಕಳು ಈ ಲೆಕ್ಕದಲ್ಲಿ ಬರೋದೇ ಇಲ್ಲ. ಹಿಂದೂ ಕಾನೂನಿನಲ್ಲಿ ಹೆಣ್ಣುಮಗುವಿನ ದತ್ತಿಗೆ ಸ್ಪಷ್ಟ ಜಾಗ ಸಿಕ್ಕಿದ್ದು 1956ರ ಕಾಯ್ದೆಯಲ್ಲಿ.

ದತ್ತಿನ ಹಿಂದೆ ಎಷ್ಟು ದೊಡ್ಡ ಆಸ್ತಿ ಇತ್ತು ಅನ್ನೋದಕ್ಕೆ 1858 ಸಾಕ್ಷಿ. ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಗೆ ವಾರಸುದಾರ ಇರಲಿಲ್ಲ. ದತ್ತು ತಗೊಳ್ಳಲು ಕಂಪನಿ ಸರ್ಕಾರ ಒಪ್ಪಲಿಲ್ಲ. ಮಗ ಇಲ್ಲದೆ ಸತ್ತರೆ ಸಂಸ್ಥಾನ ಕಂಪನಿಗೆ. ಅದೇ ಹೊತ್ತಿಗೆ ಆಯುಧ ಒಪ್ಪಿಸಿ ಅನ್ನುವ ಆಜ್ಞೆಯೂ ಸೀಮೆಯನ್ನೆಲ್ಲ ಕೆರಳಿಸಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಕೊಲೆಯಾದ. ಇತ್ತ ಬಂಡೆದ್ದ ಮುಂಡರಗಿ ಭೀಮರಾವ್ ಕೊಪ್ಪಳ ಕೋಟೆ ಹಿಡಿದು ಜೂನ್ 1ರಂದು ಹೋರಾಡುತ್ತ ಸತ್ತ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ನಮ್ಮ ಶಾಲೆಯಲ್ಲಿ ಇದನ್ನು ಸ್ವಾತಂತ್ರ್ಯದ ಪಾಠವಾಗಿ ಓದಿದೆವು. ಇದರ ನಡುವೆ ಒಂದು ದತ್ತಿನ ಅರ್ಜಿ ಇದೆ ಅನ್ನೋದು ನನ್ನ ತಲೆಗೆ ಹೋಗಿದ್ದು ಈಗ.

ದಂಗೆ ಅಡಗಿದ ಮೇಲೆ ಬ್ರಿಟಿಷರು ಪಾಠ ಕಲಿತರು. ಗವರ್ನರ್ ಜನರಲ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಿನ ಸನದು ಕೊಟ್ಟ. ಅದರ ಫಲ ಶಿರಹಟ್ಟಿಯವರ ಮೇಲೂ ಬಿತ್ತು. ಸಾಂಗ್ಲಿಯ ದೊರೆ ಧುಂಡಿರಾಜ ಪಟವರ್ಧನ 1901ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. 1903ರಲ್ಲಿ ಪಟವರ್ಧನ ವಂಶದ ಹದಿಮೂರು ವರ್ಷದ ಹುಡುಗ ವಿನಾಯಕರಾವ್‌ನನ್ನು ಆರಿಸಿ ಚಿಂತಾಮಣರಾವ್ ಅಂತ ಹೆಸರಿಟ್ಟು ಗಾದಿಗೆ ಕೂರಿಸಿದರು. ಹೆಸರಿನ ಜೊತೆ ಅಪ್ಪನೂ ಬದಲು. ಅದೂ ಆಗಲೇ ಸತ್ತುಹೋಗಿದ್ದ ಅಪ್ಪ. ಶಿರಹಟ್ಟಿಯ ರೈತ 1948ರವರೆಗೆ ಕಂದಾಯ ಕಟ್ಟಿದ್ದು ಈ ದತ್ತುಮಗನ ಸಂಸ್ಥಾನಕ್ಕೆ.

ಆಸ್ತಿ ಇಲ್ಲದ ಮಕ್ಕಳ ಕಥೆ ಬೇರೆ. ಅದಕ್ಕೆ ಬೆಟಗೇರಿಗೆ ಬರಬೇಕು. ಗದಗ ಕಡೆಯವರಿಗೆ "ಜರ್ಮನ್ ದವಾಖಾನಿ" ಗೊತ್ತು. ಅದರ ಹಿಂದೆ ಇರೋದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. 1876-78ರಲ್ಲಿ ಧಾತು ಸಂವತ್ಸರದ ಬರ ಬಿತ್ತು. ಜೋಳ ಇಲ್ಲ, ಬೆಟಗೇರಿಯ ನೇಕಾರರ ಸೀರೆ ಕೊಳ್ಳುವವರಿಲ್ಲ. ಊರು ಬಿಟ್ಟು ಹೊರಟವರ ಮಕ್ಕಳು ದಾರಿಯಲ್ಲೇ ಉಳಿದರು. ಇಂಥ ಮಕ್ಕಳನ್ನು ಮಿಶನ್ನಿನವರು ತಮ್ಮ ಅನಾಥಾಲಯಗಳಿಗೆ ಸೇರಿಸಿ ಅನ್ನ ಹಾಕಿದರು, ಓದಿಸಿದರು, ನೇಯ್ಗೆ ಹೊಲಿಗೆ ಕಲಿಸಿದರು, ದೀಕ್ಷಾಸ್ನಾನ ಕೊಟ್ಟು ಹೊಸ ಹೆಸರಿಟ್ಟರು. ಇದರಲ್ಲಿ ದಯೆ ಎಷ್ಟು, ಮತಪ್ರಚಾರ ಎಷ್ಟು ಅಂತ ಇವತ್ತಿಗೂ ವಾದ ಮಾಡಬಹುದು. ಎರಡೂ ಇದ್ದವು. ಜೀವ ಉಳಿದದ್ದು ಸುಳ್ಳಲ್ಲ. ಹೆಸರು, ದೇವರು ಬದಲಾಗುವಾಗ ಮಗುವನ್ನು ಕೇಳಿರಲಿಕ್ಕಿಲ್ಲ ಅನ್ನೋದೂ ಸುಳ್ಳಲ್ಲ.

ಇದೇ ಮಿಶನ್ನಿನ ಇನ್ನೊಂದು ಮುಖ ಓದಿ ನನಗೆ ಆಶ್ಚರ್ಯ ಆಯ್ತು. ಬೇರೆಯವರ ಮಕ್ಕಳನ್ನು ಸಾಕಿದ ಆ ದಂಪತಿಗಳು ತಮ್ಮ ಸ್ವಂತ ಮಕ್ಕಳನ್ನು ಸಾಕುವಂತಿರಲಿಲ್ಲ. 1853ರಲ್ಲಿ ಬಾಸೆಲ್‌ನ ಆಡಳಿತ ಒಂದು ನಿಯಮ ಮಾಡಿತು. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದ ಕೂಡಲೇ, ಅಂದರೆ ಸುಮಾರು ಆರು ವರ್ಷಕ್ಕೆ, ಯುರೋಪಿಗೆ ಹೋಗಬೇಕು. ಅವರಿಗಾಗಿ ಬಾಸೆಲ್‌ನಲ್ಲಿ ಹುಡುಗರ ಮನೆ, ಹುಡುಗಿಯರ ಮನೆ ಕಟ್ಟಿಸಿದರು. ಧಾರವಾಡ, ಬೆಟಗೇರಿಯಂಥ ಊರುಗಳಲ್ಲಿ ಹುಟ್ಟಿ ಆಯಾಗಳ ತೊಡೆ ಮೇಲೆ ಕನ್ನಡ ಕಲಿತ ಮಕ್ಕಳು ಹಡಗು ಹತ್ತಿ, ಹಿಮ ಬೀಳುವ ಊರಿನಲ್ಲಿ ಪರಕೀಯರ ಕೈಯಲ್ಲಿ ಬೆಳೆದರು. ಅಪ್ಪ-ಅಮ್ಮ ಮತ್ತೆ ಸಿಗೋದು ಎಷ್ಟೋ ವರ್ಷದ ಮೇಲೆ, ಕೆಲವರಿಗೆ ಸಿಗಲೇ ಇಲ್ಲ.

ಈ ನಿಯಮಕ್ಕೂ ಮೊದಲೇ ಹೀಗೆ ಹೋದ ಒಬ್ಬ ಹುಡುಗಿ ಮೇರಿ ಗುಂಡರ್ಟ್. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್‌ನ ಮಗಳು, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕನೇ ವಯಸ್ಸಿಗೆ ಯುರೋಪಿಗೆ ಹೋದವಳು ತಿರುಗಿ ಬಂದಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಅವಳ ಮಗನೇ "ಸಿದ್ಧಾರ್ಥ" ಬರೆದ ಹರ್ಮನ್ ಹೆಸ್ಸೆ. ಹೆಸ್ಸೆಯ ಅಪ್ಪನೂ ಮಂಗಳೂರಿನಲ್ಲಿ ಕೆಲಸ ಮಾಡಿದವನು. ವಿಪರ್ಯಾಸ ನೋಡಿ, ಅಪ್ಪ-ಅಮ್ಮ ಬಾಸೆಲ್‌ನಲ್ಲೇ ಇದ್ದಾಗಲೂ ಚಿಕ್ಕ ಹೆಸ್ಸೆಯನ್ನು ಕೆಲಕಾಲ ಅದೇ ಹುಡುಗರ ಮನೆಯಲ್ಲಿ ಬಿಟ್ಟಿದ್ದರು. ಇದನ್ನು ನನ್ನ ಇಟಲಿಯ ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಕಡೆಯವರೂ ಕಟ್ಟೆ ಕೇಳಿ ಅತ್ತಿದ್ದಾರೆ" ಅಂದ.

ಹಾಗಾದರೆ ಈ ಸೀಮೆಯಲ್ಲಿ ದೊಡ್ಡ ಮಕ್ಕಳನ್ನು ಮಕ್ಕಳಿಗೋಸ್ಕರವೇ ತಗೊಂಡವರು ಯಾರೂ ಇಲ್ಲವಾ? ಇದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದರ ಬೇರು ಹಾನಗಲ್ಲ ಕುಮಾರಸ್ವಾಮಿಗಳಲ್ಲಿದೆ. 1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟುಕುರುಡ. ಹುಡುಗನ ದನಿ ಕೇಳಿ ಕುಮಾರಸ್ವಾಮಿಗಳು ಅವನ ಸಂಗೀತದ ಹೊಣೆ ಹೊತ್ತರು. ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು. ಕರ್ನಾಟಕ, ಹಿಂದೂಸ್ತಾನಿ ಎರಡೂ ಕಲಿತು, ತಾನು ಪಡೆದದ್ದನ್ನು ಬೇರೆ ಮಕ್ಕಳಿಗೆ ದಾಟಿಸಿದರು. ಅವರ ಶಾಲೆ ಮೊದಲು ಊರೂರು ತಿರುಗುವ ಸಂಚಾರಿ ಪಾಠಶಾಲೆ. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಮಕ್ಕಳು, ಸಿಕ್ಕ ಊರಲ್ಲಿ ಭಿಕ್ಷೆ, ಅಲ್ಲೇ ಪಾಠ. ಕೊನೆಗೆ ನೆಲೆ ನಿಂತದ್ದು ಗದಗಿನಲ್ಲಿ.

ಅಲ್ಲಿಗೆ ಬಂದವರಲ್ಲಿ ಒಬ್ಬ ಹಾವೇರಿ ತಾಲೂಕಿನ ದೇವಗಿರಿಯ ಪುಟ್ಟಯ್ಯ, 1914ರಲ್ಲಿ ಹುಟ್ಟಿದವನು. ಕೂಸಿದ್ದಾಗಲೇ ಕಣ್ಣು ಹೋಯ್ತು, ಅಪ್ಪನೂ ಹೋದ. ಹುಡುಗನನ್ನು ಗವಾಯಿಗಳ ಹತ್ತಿರ ತಂದುಬಿಟ್ಟವರು ಸೋದರಮಾವ. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಭಾರ ಈ ಪುಟ್ಟರಾಜ ಗವಾಯಿಗಳ ಮೇಲೆ ಬಿತ್ತು. 2010ರ ಸೆಪ್ಟೆಂಬರ್ 17ರವರೆಗೆ, ಅರವತ್ತಾರು ವರ್ಷ, ಅದನ್ನು ಹೊತ್ತರು. ಮಕ್ಕಳ ಊಟಕ್ಕಾಗಿ ನಾಟಕ ಕಂಪನಿ ನಡೆಸಿದರು, ತುಲಾಭಾರಕ್ಕೆ ಕೂತರು, ಬಂದ ದುಡ್ಡು ಆಶ್ರಮದ ಒಲೆಗೆ. ಇವತ್ತಿಗೂ ಗದಗ ಕಡೆ ಅವರನ್ನು ಗುರುಗಳು ಅನ್ನೋದಕ್ಕಿಂತ "ಅಜ್ಜಾರು" ಅನ್ನೋದೇ ಹೆಚ್ಚು. ನಮ್ಮೂರಿನಿಂದ ಗದಗಿಗೆ ಬಸ್ ಹತ್ತಿದರೆ ನಮ್ಮ ಅವ್ವ "ಅಜ್ಜಾರ ಮಠಕ್ಕ ಹೋಗಿ ಕೈಮುಗದ ಬಾ" ಅಂತಿದ್ದಳು.

1968ರಲ್ಲಿ ಬಳ್ಳಾರಿ ಕಡೆಯಿಂದ ಹದಿನೈದರ ಇನ್ನೊಬ್ಬ ಹುಡುಗ ಬಂದ. ಅವನನ್ನು ಕರೆತಂದವರೂ ಸೋದರಮಾವನೇ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ. ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತ ಆ ಹುಡುಗ ಇವತ್ತಿನ ಪಂಡಿತ ಎಂ. ವೆಂಕಟೇಶಕುಮಾರ್.

ಪುಣ್ಯಾಶ್ರಮ ಯಾರನ್ನೂ ಕಾನೂನಿನ ಪ್ರಕಾರ ದತ್ತು ತಗೊಂಡದ್ದಲ್ಲ. ಕಾಗದ ಇಲ್ಲ, ಆಸ್ತಿ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ದತ್ತಕದಲ್ಲಿ ಹುಡುಗ ಹುಟ್ಟಿದ ಮನೆಗೆ ಕಾನೂನಿನಲ್ಲಿ ಸತ್ತಂತೆ. ಇಲ್ಲಿ ಊರು, ಅವ್ವ, ಸೋದರಮಾವ ಯಾರನ್ನೂ ಮರೆಯಬೇಕಿಲ್ಲ. ಮಗು ಹಳೇ ಮನೆಯನ್ನು ಜೊತೆಗಿಟ್ಟುಕೊಂಡೇ ಹೊಸ ಮನೆಗೆ ಸೇರಬಹುದು. ಹಾಗಂತ ಆಶ್ರಮವನ್ನು ಮನೆ ಅಂತ ಪೂರ್ತಿ ಹೇಳಲಾರೆ. ನೂರು ಮಕ್ಕಳಿಗೆ ಒಬ್ಬ ಅಜ್ಜಾರು. ಮನೆಯಲ್ಲಿ ಮಗುವಿಗೆ ಸಿಗುವ ಬೈಗುಳವೂ ಮುದ್ದೂ ಒಂದೊಂದು ತಲೆಗೆ ಅಲ್ಲಿ ಎಷ್ಟು ಬಂದೀತು? ಎಲ್ಲಾ ದಾರಿಯಲ್ಲೂ ಒಂದೊಂದು ಕೊರತೆ ಇದೆ.

ಹೊರದೇಶದ ದತ್ತಿಗೆ ನಮ್ಮಲ್ಲಿ ಲಗಾಮು ಬಿದ್ದದ್ದು 1984ರಲ್ಲಿ. ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಹೊರದೇಶಕ್ಕೆ ಹೋಗುವ ಮಕ್ಕಳ ಹೆಸರಲ್ಲಿ ವ್ಯಾಪಾರ ನಡೀತಿದೆ ಅನ್ನೋದು ದೂರು. ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡು ನಿಯಮ ಹಾಕಿತು. ಮೊದಲು ದೇಶದೊಳಗೆ ಮನೆ ಹುಡುಕಿ, ಆದಷ್ಟು ಮೂರು ವರ್ಷದೊಳಗೆ ಕೊಡಿ, ಏಳು ದಾಟಿದ ಮಗುವಾದರೆ ಅದರ ಮನಸ್ಸನ್ನೂ ಕೇಳಿ. ಮುಂದೆ ಕೇಂದ್ರ ದತ್ತು ಸಂಸ್ಥೆ ಕಾರಾ ಬಂತು. 2003ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿತು, 2015ರಲ್ಲಿ ಹೊಸ ಬಾಲನ್ಯಾಯ ಕಾಯ್ದೆ ಬಂತು. ಈಗ ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಬೇಕು. ಶುನಃಶೇಪನಿಗೆ ಇದ್ದ ಹಕ್ಕು ಸುತ್ತಿ ಬಳಸಿ ಕಾನೂನಿಗೆ ವಾಪಸ್ ಬಂದಿದೆ.

ಆದರೆ ಒಂಬತ್ತು ವರ್ಷದ ಹುಡುಗಿ, ಭಾಷೆ ತಿಳಿಯದ ದೇಶ, ವಿಡಿಯೋದಲ್ಲಿ ನೋಡಿದ ಇಬ್ಬರು ಮನುಷ್ಯರು. ಇಂಥದ್ದಕ್ಕೆ ಅವಳು "ಹೂಂ" ಅಂದರೆ ಅದು ಎಷ್ಟು ಒಪ್ಪಿಗೆ? ನನ್ನ ಗೆಳೆಯನಿಗೂ ಈ ಪ್ರಶ್ನೆ ಕಾಡುತ್ತಿತ್ತು. ಅವನಿಗೆ ನಾನು ಕೊಟ್ಟ ಉತ್ತರ ನಮ್ಮ ಸೀಮೆಯ ಇತಿಹಾಸದಿಂದ ಬಂದದ್ದು: ಒಪ್ಪಿಗೆ ಒಂದೇ ದಿನ ಕೇಳಿ ಮುಗಿಸೋ ಕೆಲಸ ಅಲ್ಲ, ದಿನಾ ಕೇಳ್ತಾ ಇರಬೇಕು. ಹೆಸರು ಬದಲಿಸೋಣವಾ ಅಂತ ಅವರು ಕೇಳಿದರು, ಹುಡುಗಿ "ಬ್ಯಾಡ" ಅಂದಳು, ಬಿಟ್ಟರು. ಪಾಸ್ತಾಕ್ಕೆ ಖಾರಪುಡಿ ಬೇಕು ಅಂದಳು, ತರಿಸಿದರು. ತಮ್ಮ ಮಾತ್ರ ಮೂರೇ ತಿಂಗಳಲ್ಲಿ ಇಟಾಲಿಯನ್‌ಗೆ ಹೊರಳಿಬಿಟ್ಟ. ಶನಿವಾರದ ಕಾಲ್‌ಗೆ ಬಂದು "ಚಾವ್ ಮಾಮಾ" ಅಂದು ಓಡಿಹೋಗ್ತಾನೆ. ಅಕ್ಕ ಅವನನ್ನು ಕನ್ನಡದಲ್ಲಿ ಬೈದರೆ ಅವನು ಇಟಾಲಿಯನ್‌ನಲ್ಲಿ ಜವಾಬು ಕೊಡ್ತಾನೆ. ಅವಳಿಗೆ ಅದು ದುಃಖ. ಜಗಳ ಆಡೋಕೂ ಯಾರೂ ಇಲ್ಲದಂಗಾಯ್ತು ಅಂತ.

ಈಚೆಗೆ ಹೊಸ ಶಾಲೆಯ ಅರ್ಜಿ ತುಂಬುವಾಗ ಮಾತೃಭಾಷೆ ಅನ್ನುವ ಜಾಗ ಬಂತಂತೆ. ಗೆಳೆಯ ಪೆನ್ನು ಅವಳ ಕೈಗೇ ಕೊಟ್ಟ. ಅವಳು ಕನ್ನಡ ಲಿಪಿಯಲ್ಲೇ ಬರೆದು, ಸರಿ ಇದೆಯಾ ಅಂತ ನನಗೆ ಫೋಟೋ ಕಳಿಸಿದಳು. ನೋಡಿದೆ. "ಕನಡ" ಅಂತಿತ್ತು.

ವರ್ಷದೊಳಗೆ ಒತ್ತಕ್ಷರ ಮರೆತಿದ್ದಾಳೆ. ಹಾಗೇ ಬಿಡೋಣ ಅಂತ ಒಂದು ನಿಮಿಷ ಅನ್ನಿಸಿತು. ಆಮೇಲೆ ಫೋನ್ ಮಾಡಿದೆ. "ನ ಕೆಳಗ ಇನ್ನೊಂದು ನ ಒತ್ತು ಬೇಕವ್ವಾ" ಅಂದೆ. "ಹೌದಲ್ಲ ಮಾಮಾ" ಅಂತ ನಕ್ಕು, ಹೊರಗೆ ಬೆಂಚಿನ ಮೇಲೆ ಕೂತು ತಿದ್ದಿದಳು.